ಬಂಡೆಯ ಹಾದಿಯಲ್ಲಿ ಈರ್ಯಾಸಮಿತಿ



ಕಳೆದ ಚೈತ್ರಮಾಸದಲ್ಲಿ ಬೈರಮಂಗಲದಿಂದ ಕೆಲವು ತರುಣರೊಡನೆ ಹೊರಟು, ಮಾಗಡಿ ತಾಲ್ಲೂಕಿನ ಸಾವನದುರ್ಗವನ್ನು ಏರತೊಡಗಿದೆನು. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಆ ಬೆಟ್ಟದಲ್ಲಿ ಬೋಳುಬಂಡೆಯ ಕಡಿದಾದ ಮೈಯೇ ಹಾದಿ. ಶಿಖರವನ್ನೇ ನೋಡುತ್ತ ನಡೆದವನ ಕಾಲು ಜಾರಿತು. ನೆಲ ನೋಡಿ ನಡೆದವನು ತಾನೂ ಉಳಿದು, ಬಿರುಕಿನಲ್ಲಿ ಹರಿಯುತ್ತಿದ್ದ ಇರುವೆಗಳನ್ನೂ ಉಳಿಸಿದನು. ಮುನಿಗಳು ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯ ಅರ್ಥವು ನನಗೆ ಅಂದು ಮನದಟ್ಟಾಯಿತು.

ಹತ್ತು ಗಂಟೆಯ ವೇಳೆಗೆ ಬಂಡೆಯು ಕಾದು, ಒಬ್ಬ ಬಾಲಕನಿಗೆ ತಲೆಸುತ್ತು ಬಂದಿತು. ತುದಿಯ ನಂದಿಮಂಟಪವು ಸಮೀಪದಲ್ಲಿದ್ದರೂ ಅವನ ಕೈಹಿಡಿದು ಎಲ್ಲರೂ ಇಳಿದೆವು. ಅದಕ್ಕಾಗಿ ಯಾರೂ ಮರುಗಲಿಲ್ಲ.

ಬೇಸಗೆಯಲ್ಲಿ ಬೆಟ್ಟವೇರುವವರು ಬೆಳಕು ಹರಿದೊಡನೆ ಹೊರಡಿರಿ. ಸಾಕಷ್ಟು ನೀರನ್ನು ಒಯ್ಯಿರಿ. ಅಶಕ್ತನ ಹೆಜ್ಜೆಗೆ ನಿಮ್ಮ ಹೆಜ್ಜೆಯನ್ನು ಹೊಂದಿಸಿರಿ.

ಜಯ ಜಿನೇಂದ್ರ.