ಮುಯ್ಯಿಯ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಇಲ್ಲಿ ‘ನೋಡು’ ಎಂದರೆ ಕಣ್ಣಿನಿಂದ ನೋಡುವುದಲ್ಲ. ಕೈಹಾಕಿ, ಬೆವರು ಸುರಿಸಿ, ಅನುಭವದಿಂದ ತಿಳಿಯುವುದು. ಈಚೆಗೆ ನನ್ನ ಮಗಳು ಹಾಸನದಲ್ಲಿ ಮನೆ ಕಟ್ಟಬೇಕೆಂದು ಬ್ಯಾಂಕಿನ ಕಾಗದಪತ್ರಗಳನ್ನು ತಂದು ನನ್ನ ಮುಂದಿಟ್ಟಳು. “ಅಪ್ಪಾ, ಇಪ್ಪತ್ತು ಲಕ್ಷ ರೂಪಾಯಿ, ಇಪ್ಪತ್ತು ವರ್ಷದ ಸಾಲ. ಸರಿಯೋ ತಪ್ಪೋ ನೀವೇ ಹೇಳಿ” ಎಂದಳು. ನಾನು ಕನ್ನಡ ಪಾಠ ಹೇಳುವ ಮೇಷ್ಟ್ರು; ಲೆಕ್ಕದ ಮೇಷ್ಟ್ರಲ್ಲ. ಒಡನೆ ಉತ್ತರ ಹೇಳಲಾಗಲಿಲ್ಲ. ಆ ರಾತ್ರಿ ಪೆಟ್ಟಿಗೆ ತೆಗೆದು ನಮ್ಮ ತಂದೆಯವರ ಹಳೆಯ ನೋಟುಪುಸ್ತಕವೊಂದನ್ನು ಹುಡುಕಿದೆ. ಆ ಪುಸ್ತಕದ ಸಂಗತಿಯನ್ನೇ ಈ ಹೊತ್ತು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ನಮ್ಮ ತಂದೆಯವರು ಬಾಳ್ಳುಪೇಟೆಯ ಮೇಲಿನ ಗುಡ್ಡದ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. ಆಳುಗಳ ಹಾಜರಿ ಬರೆಯುವುದು, ಕಾಫಿ ಹಣ್ಣಿನ ಅಳತೆ ಬರೆಯುವುದು, ವಾರದ ಬಟವಾಡೆ ಮಾಡುವುದು, ಇದು ಅವರ ಕೆಲಸ. ಇರುವುದಕ್ಕೆ ತೋಟದವರೇ ಮನೆ ಕೊಟ್ಟಿದ್ದರು. ತೋಟದ ಕೆಲಸಗಾರರಿಗೆ ಮಾಲೀಕರೇ ವಸತಿ ಕೊಡಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಯು ವಿಧಿಸಿತ್ತು. ಒಳ್ಳೆಯ ಕಾಯಿದೆಯೇ ಸರಿ. ಆದರೆ ಕೆಲಸ ಇರುವವರೆಗೆ ಮಾತ್ರ ಆ ಸೂರು. ನಿವೃತ್ತಿಯ ದಿನ ಬೀಗದ ಕೈಯನ್ನು ಒಪ್ಪಿಸಿ ಹೊರಡಬೇಕು. ಎಷ್ಟೋ ಜನ ಮೂವತ್ತು ವರ್ಷ ದುಡಿದು, ಪಾತ್ರೆ ಪರಡಿಗಳನ್ನು ಗಾಡಿಗೆ ಹೇರಿಕೊಂಡು, ‘ಎಲ್ಲಿಗೆ?’ ಎಂದು ಕೇಳಿದರೆ ಉತ್ತರ ತಿಳಿಯದೆ ನಿಂತಿದ್ದನ್ನು ನಮ್ಮ ತಂದೆಯವರು ಕಂಡಿದ್ದರು. ಆ ಭಯವೇ ಅವರಿಂದ ಮನೆ ಕಟ್ಟಿಸಿತು.

ಆಲೂರು ತಾಲ್ಲೂಕಿನಲ್ಲಿ, ತೋಟದಿಂದ ನಾಲ್ಕು ಮೈಲಿಯ ಮೇಲೆ, ನಮ್ಮ ಅಜ್ಜಿ ಒಂದು ಮುರುಕು ಗುಡಿಸಲಿನಲ್ಲಿದ್ದರು. ಜಾಗ ನಮ್ಮದೇ, ಹಣವೊಂದೇ ಇಲ್ಲ. 1981ರ ಸಂಕ್ರಾಂತಿ ಕಳೆದು ಭತ್ತದ ಒಕ್ಕಣೆ ಮುಗಿದ ಮೇಲೆ ತಂದೆಯವರು ಊರಿನ ನಾಲ್ಕು ಮನೆಗಳಿಗೆ ಹೋಗಿ ಮುಯ್ಯಾಳು ಕೇಳಿದರು.

ಮುಯ್ಯಿ ಎಂಬುದು ನಮ್ಮ ಭಾಷೆಯ ಒಂದು ವಿಚಿತ್ರವಾದ ಮಾತು. ಮದುವೆಯಲ್ಲಿ ಓದಿಸಿದ ಉಡುಗೊರೆಗೆ ಪ್ರತಿಯಾಗಿ ಕೊಡುವುದೂ ಮುಯ್ಯಿ. ಪೆಟ್ಟಿಗೆ ಪ್ರತಿಯಾಗಿ ಪೆಟ್ಟು ಕೊಡುವುದೂ ಮುಯ್ಯಿ. ಉಪಕಾರವಾಗಲಿ ಅಪಕಾರವಾಗಲಿ, ಪಡೆದದ್ದನ್ನು ಹಿಂದಿರುಗಿಸದೆ ಬಿಡಬಾರದೆಂಬುದೇ ಅದರ ತಿರುಳು. ಇಂದು ನೀವು ನನ್ನ ಗದ್ದೆಗೆ ಬಂದು ದುಡಿದರೆ ನಾಳೆ ನಾನು ನಿಮ್ಮ ಗದ್ದೆಗೆ ಬರುವುದು, ಇದೇ ಮುಯ್ಯಾಳು. ಕೂಲಿಯಿಲ್ಲ, ಬಡ್ಡಿಯಿಲ್ಲ, ಪತ್ರವಿಲ್ಲ.

ಊರವರು ಬಂದರು. ಮಣ್ಣು ಅಗೆದರು, ಹುಲ್ಲು ಸೇರಿಸಿ ತುಳಿದರು, ಗೋಡೆ ಏರಿಸಿದರು. ಮಣ್ಣಿನ ಗೋಡೆಯನ್ನು ಒಂದೇ ದಿನ ಏರಿಸಲಾಗದು. ಒಂದು ಸುತ್ತು ಒಣಗಿದ ಮೇಲೆಯೇ ಇನ್ನೊಂದು ಸುತ್ತು. ಅವಸರ ಮಾಡಿದರೆ ಕೆಳಗಿನದು ಉಬ್ಬಿ ಬೀಳುತ್ತದೆ. ಮಳೆಗಾಲ ಹಿಡಿಯುವುದರೊಳಗೆ ಗೋಡೆ ನಿಂತಿತು, ಮೇಲೆ ಹುಲ್ಲಿನ ಹೊದಿಕೆ ಬಂತು. ನೋಟುಪುಸ್ತಕದಲ್ಲಿ ತಂದೆಯವರ ದುಂಡು ಅಕ್ಷರದಲ್ಲಿ ಲೆಕ್ಕ ಬಿತ್ತು: ಅರವತ್ತನಾಲ್ಕು ಆಳು.

ಅಂದಿನಿಂದ ಭಾನುವಾರ ಎಂಬುದು ನಮ್ಮ ಮನೆಯಲ್ಲಿ ರಜೆಯ ದಿನವಾಗಿ ಉಳಿಯಲಿಲ್ಲ. ತಂದೆಯವರು ಬೆಳಗಿನ ಜಾವಕ್ಕೇ ಎದ್ದು, ನಾಲ್ಕು ಮೈಲಿ ನಡೆದು, ಯಾರದೋ ಗದ್ದೆಯಲ್ಲಿ ದುಡಿದು, ಕತ್ತಲಾದ ಮೇಲೆ ಬರುತ್ತಿದ್ದರು. 1982ರ ಆಗಸ್ಟ್ ತಿಂಗಳಿನಲ್ಲಿ ಅವರಿಗೆ ಚಳಿಜ್ವರ ಬಂತು. ಮಾರನೆಯ ದಿನ ಒಬ್ಬ ಗೌಡರ ಗದ್ದೆಯ ನಾಟಿಗೆ ಅವರು ಮಾತು ಕೊಟ್ಟಿದ್ದರು. ನನಗೆ ಆಗ ಹನ್ನೆರಡು ವರ್ಷ. “ನಾನು ಹೋಗ್ತೀನಿ ಅಪ್ಪಯ್ಯ” ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ತಮ್ಮ ಕಂಬಳಿಯ ಕೊಪ್ಪೆಯನ್ನು ನನ್ನ ತಲೆಗೆ ಹಾಕಿ ಕಳುಹಿಸಿದರು.

“ಯಾಕ್ಲಾ ಮಗಾ, ನಿಮ್ಮಪ್ಪಾರು ಬರ್ಲಿಲ್ವಾ?” ಎಂದರು ಗೌಡರು. ವಿಷಯ ಹೇಳಿದೆ. ಸಸಿ ಕೀಳುವ ಕೆಲಸ ಕೊಟ್ಟರು. ಸುರಿಯುವ ಮಳೆಯಲ್ಲಿ ಸಂಜೆಯವರೆಗೂ ಬಗ್ಗಿ ಸಸಿ ಕಿತ್ತೆ. ಹೊರಡುವಾಗ ಗೌಡರು ನಗುತ್ತ, “ಒಂದಾಳು ಅಂತ ಬರ್ಕೊಳ್ಳಕ್ಕೆ ಹೇಳ್ಲಾ” ಎಂದರು. ನಾನು ಹೆಮ್ಮೆಯಿಂದ ಬಂದು ಹಾಗೆಯೇ ಹೇಳಿದೆ. ತಂದೆಯವರು ಹಾಸಿಗೆಯ ಮೇಲೆಯೇ ಪುಸ್ತಕ ತರಿಸಿಕೊಂಡು ಬರೆದರು: ‘ಅರ್ಧ ಆಳು’. ನನಗೆ ಅಳುವೇ ಬಂತು. “ಅವರು ದೊಡ್ಡವರು, ಒಂದು ಅಂದರು. ತಗೊಳ್ಳೋರು ನಾವು, ಒಂದು ಅಂತ ಬರ್ಕೋಬಾರದು ಮಗು” ಎಂದರು. ಜ್ವರ ಬಿಟ್ಟ ಮೇಲೆ ಒಂದು ಭಾನುವಾರ ಹೋಗಿ ಉಳಿದ ಅರ್ಧ ದಿನವನ್ನು ತೀರಿಸಿ ಬಂದರು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಮ್ಮ ತಂದೆಯವರು ಸಾಲದ ವಿಷಯದಲ್ಲಿ ತಪ್ಪೇ ಮಾಡದವರೆಂದು ನೀವು ತಿಳಿಯಬಹುದು. ಹಾಗಲ್ಲ. ಆಳು ಮುಯ್ಯಿಗೆ ಸಿಗುತ್ತದೆ. ಬಾಗಿಲು, ಚೌಕಟ್ಟು ಸಿಗುವುದಿಲ್ಲ. ಅದಕ್ಕಾಗಿ ನಮ್ಮ ತಾಯಿಯವರ ಕಿವಿಯೋಲೆಗಳನ್ನು ಒಬ್ಬ ಸಾಹುಕಾರರಲ್ಲಿ ಗಿರವಿಯಿಟ್ಟು ಎಂಟುನೂರು ರೂಪಾಯಿ ತಂದರು. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ. ಮೂರು ಎಂದರೆ ಕಿವಿಗೆ ಸಣ್ಣದಾಗಿ ಕೇಳುತ್ತದೆ. ವರ್ಷಕ್ಕೆ ಮೂವತ್ತಾರು! ಎರಡು ವರ್ಷದಲ್ಲಿ ಬಡ್ಡಿಯೇ ಐನೂರ ಎಪ್ಪತ್ತಾರು ರೂಪಾಯಿಯಾಯಿತು. ಓಲೆಗಳು ಹಿಂದಕ್ಕೆ ಬರಲಿಲ್ಲ. ಅಂದು ಸಂಜೆ ತಂದೆಯವರು ನಮ್ಮೆಲ್ಲರನ್ನೂ ಕೂರಿಸಿಕೊಂಡು, “ಓಲೆ ಹೋಯಿತು. ಲೆಕ್ಕ ಹಾಕದೆ ಸಾಲ ತಂದದ್ದು ನನ್ನ ತಪ್ಪು” ಎಂದರು. ತಾಯಿಯವರು ಏನೂ ಹೇಳಲಿಲ್ಲ. ಬಹು ಕಾಲ ಅವರ ಕಿವಿಯಲ್ಲಿ ಕಡ್ಡಿಯ ಚೂರು ಇತ್ತು. ನಾನು ಕೆಲಸಕ್ಕೆ ಸೇರಿ ಓಲೆ ಮಾಡಿಸಿಕೊಡುತ್ತೇನೆಂದಾಗ ಅವರೆಂದದ್ದು ಇಷ್ಟೇ: “ಮೊದಲು ಬಚ್ಚಲಿಗೆ ಹೆಂಚು ಹಾಕಿಸು.”

ಓಲೆ ಹೋದ ಮೇಲೆ ತಂದೆಯವರು ದಾರಿ ಬದಲಿಸಿದರು. ತೋಟದವರೂ ಪೇಟೆಯ ಅಂಗಡಿಯವರೂ ಸೇರಿ ಇಪ್ಪತ್ತು ಜನರ ಚೀಟಿ ನಡೆಸುತ್ತಿದ್ದರು. ತಿಂಗಳಿಗೆ ಐವತ್ತು ರೂಪಾಯಿ. ಎತ್ತಿದ ಹೆಸರಿನವರಿಗೆ ಸಾವಿರ. ಒಂಬತ್ತನೆಯ ತಿಂಗಳು ತಂದೆಯವರ ಹೆಸರು ಬಂತು. ಉಳಿಸಿದ್ದನ್ನೂ ಅದಕ್ಕೆ ಸೇರಿಸಿ ಮಂಗಳೂರು ಹೆಂಚು ತರಿಸಿದರು. ಶಿರಾಡಿ ಘಾಟಿ ಹತ್ತಿ ಬಂದ ಆ ಹೆಂಚನ್ನು ಕೈಯಿಂದ ಕೈಗೆ ದಾಟಿಸಿ ಇಳಿಸಿದ ನೆನಪು ನನಗೆ ಇಂದಿಗೂ ಉಂಟು. ಮುಂದೆ ಭವಿಷ್ಯ ನಿಧಿಯಿಂದ ಮುಂಗಡ ಪಡೆದು ಅಡುಗೆಮನೆ ಕಟ್ಟಿ, ನೆಲಕ್ಕೆ ಗಾರೆ ಹಾಕಿಸಿದರು.

ಚೀಟಿಯೆಂದರೆ ಹಳ್ಳಿಯವರ ಆಟವೆಂದು ಹಗುರಾಗಿ ಕಾಣಬೇಡಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1775ರಲ್ಲಿ ಕೆಲವರು ಸೇರಿ ತಿಂಗಳ ವಂತಿಗೆ ಹಾಕಿ, ಸರದಿಯಂತೆ ಒಬ್ಬೊಬ್ಬರಿಗೂ ಮನೆಯಾಗುವ ಸಂಘವನ್ನು ಮಾಡಿಕೊಂಡರು. ಆ ದೇಶದ ದೊಡ್ಡ ಗೃಹನಿರ್ಮಾಣ ಸಂಘಗಳಿಗೆಲ್ಲ ಅದೇ ಮೂಲ. ನಮ್ಮಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದ್ದು, ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸುವುದಕ್ಕೆ. 1928ರಲ್ಲಿ ಟಿ. ಎಂ. ಎ. ಪೈಗಳು ಉಡುಪಿಯಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಲ್ಲೇ ಪಡೆಯುವ ಏರ್ಪಾಡು ಮಾಡಿದರು. ಸಣ್ಣ ಹಣಕ್ಕೆ ಗೌರವ ಕೊಟ್ಟದ್ದು ಇವೆಲ್ಲದರ ಸಮಾನ ಗುಣ.

ಇನ್ನು ನಿಮ್ಮ ವಿಷಯಕ್ಕೆ ಬರೋಣ. ಚೀಟಿ ಹಾಕುವುದಾದರೆ 1982ರ ಚಿಟ್ ಫಂಡ್ ಕಾಯಿದೆಯಂತೆ ನೋಂದಣಿಯಾದದ್ದೇ ಎಂದು ವಿಚಾರಿಸಿ ಹಾಕಿ. ನಂಬಿಕೆಯೊಂದನ್ನೇ ನಂಬಿ ಹಣ ಕಳೆದುಕೊಂಡವರು ನಮ್ಮೂರುಗಳಲ್ಲಿಯೂ ಇದ್ದಾರೆ. ಒಡವೆ ಇಡುವುದಾದರೆ ಬ್ಯಾಂಕಿನಲ್ಲೋ ಸಹಕಾರ ಸಂಘದಲ್ಲೋ ಇಡಿ. ತಿಂಗಳ ಬಡ್ಡಿ ಹೇಳಿದರೆ ಹನ್ನೆರಡರಿಂದ ಗುಣಿಸಿ ನೋಡಿ. ಭವಿಷ್ಯ ನಿಧಿ ಇರುವವರು ಮನೆಗೆಂದು ಎಷ್ಟು ಪಡೆಯಬಹುದೆಂದು ಕಚೇರಿಯಲ್ಲಿ ಕೇಳಿ ತಿಳಿಯಿರಿ. ಆದರೆ ಅದು ಮುಪ್ಪಿನ ಅನ್ನವೆಂಬುದನ್ನು ಮರೆಯಬೇಡಿ. ಬ್ಯಾಂಕಿನ ಗೃಹಸಾಲ ಕೆಟ್ಟದ್ದೆಂದು ನಾನು ಹೇಳಲಾರೆ. ನಮ್ಮ ತಂದೆಯವರು ಕೊಟ್ಟ ಮೂವತ್ತಾರರ ಮುಂದೆ ಅದರ ಬಡ್ಡಿ ಎಷ್ಟೋ ಮೇಲು. ಕೆಡುವುದು ಅಳತೆ ಮೀರಿದಾಗ.

ವರ್ಷಕ್ಕೆ ಶೇಕಡ 9ರ ಬಡ್ಡಿ ಎಂದಿಟ್ಟುಕೊಳ್ಳಿ. ಇಪ್ಪತ್ತು ಲಕ್ಷವನ್ನು ಇಪ್ಪತ್ತು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 18,000 ರೂಪಾಯಿ. ಒಟ್ಟು ತೆರುವುದು 43 ಲಕ್ಷಕ್ಕೂ ಮೀರುತ್ತದೆ. ಹತ್ತು ಲಕ್ಷವನ್ನು ಹದಿನೈದು ವರ್ಷಕ್ಕೆ ಪಡೆದರೆ ಕಂತು ಸುಮಾರು 10,150. ಒಟ್ಟು 18 ಲಕ್ಷ ಚಿಲ್ಲರೆ. ಈ ಲೆಕ್ಕವನ್ನು ನಾನೂ ಮಗಳೂ ಕೂತು ಬರೆದೆವು. ಬಳಿಕ ಅಜ್ಜನ ಪುಸ್ತಕವನ್ನು ಅವಳ ಕೈಗೆ ಕೊಟ್ಟೆ. ‘ಅರ್ಧ ಆಳು’ ಎಂಬಲ್ಲಿ ಅವಳು ಬಹಳ ಹೊತ್ತು ನಿಂತಳು. ಎರಡು ಕೋಣೆ, ಒಂದು ಅಡುಗೆಮನೆ ಈಗ ಕಟ್ಟುವುದು. ಮಾಳಿಗೆ ಈ ಸಾಲ ತೀರಿದ ಮೇಲೆ ಎಂದು ಅವಳೇ ತೀರ್ಮಾನ ಹೇಳಿದಳು. ಒಂದು ಸುತ್ತು ಒಣಗಲಿ, ಆಮೇಲೆ ಇನ್ನೊಂದು.

ತಂದೆಯವರು 1993ರಲ್ಲಿ ನಿವೃತ್ತರಾದರು. ತೋಟದ ಮನೆಯ ಬೀಗದ ಕೈಯನ್ನು ಬೆಳಿಗ್ಗೆ ಒಪ್ಪಿಸಿದರು. ಮಧ್ಯಾಹ್ನದ ಊಟ ಸ್ವಂತ ಮನೆಯಲ್ಲಿ. ‘ಎಲ್ಲಿಗೆ?’ ಎಂದು ಕೇಳಿದವರಿಗೆ ಅವರ ಬಳಿ ಉತ್ತರವಿತ್ತು. ಆ ಪುಸ್ತಕದ ಕೊನೆಯ ಪುಟದಲ್ಲಿ 1987ರ ಒಂದು ಭಾನುವಾರದ ತಾರೀಖು ಹಾಕಿ ಅವರು ಬರೆದಿರುವುದು ಎರಡೇ ಮಾತು: ‘ಮುಯ್ಯಿ ತೀರಿತು.’ ಮನೆಯ ಸಾಲ ಯಾವ ದಾರಿಯಿಂದಲೇ ಬರಲಿ, ಈ ಎರಡು ಮಾತನ್ನು ನೀವೇ ನಿಮ್ಮ ಕೈಯಿಂದ ಬರೆಯುವ ದಿನ ಯಾವುದೆಂದು ಮೊದಲು ಲೆಕ್ಕ ಹಾಕಿಕೊಳ್ಳಿ. ಆಮೇಲೆ ಬುನಾದಿ ತೋಡಿ.