ಬೈಕಿನ ಕೀಲಿಕೈ ಮತ್ತು ಕೋರ್ಟಿನ ಮೆಟ್ಟಿಲು

(ಸಂಘದ ವಿದ್ಯಾರ್ಥಿ-ಪೋಷಕರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಚಾರ ನಿಯಮಗಳ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ಈ ವಿಷಯದ ಭಾಷಣಗಳು ಸಾಮಾನ್ಯವಾಗಿ ಹೆಲ್ಮೆಟ್‌ನಿಂದ ಆರಂಭವಾಗಿ ಹೆಲ್ಮೆಟ್‌ನಲ್ಲೇ ಮುಗಿಯುತ್ತವೆ. ಹೆಲ್ಮೆಟ್ ಧರಿಸಿರಿ, ಅಷ್ಟು ಹೇಳಿ ಅದನ್ನು ಮುಗಿಸುತ್ತೇನೆ. ದಂಡ ಕಟ್ಟಿ ಮರೆತುಬಿಡುವ ತಪ್ಪುಗಳು ಬೇರೆ, ಒಂದು ಕುಟುಂಬವನ್ನೇ ವರ್ಷಗಟ್ಟಲೆ ಕೋರ್ಟಿಗೆ ಅಲೆದಾಡಿಸುವ ತಪ್ಪುಗಳು ಬೇರೆ. ನನ್ನ ವಕೀಲಿ ವೃತ್ತಿಯಲ್ಲಿ ಎರಡನೆಯದನ್ನೇ ಹೆಚ್ಚು ಕಂಡಿರುವುದರಿಂದ ಅದರ ಬಗ್ಗೆಯೇ ಮಾತನಾಡುತ್ತೇನೆ.

2021ರಲ್ಲಿ ಒಬ್ಬ ತಂದೆ ನನ್ನ ಕಚೇರಿಗೆ ಬಂದರು. ಅವರ ಹದಿನಾರು ವರ್ಷದ ಕಿರಿಯ ಮಗ ಸಂಜೆ ಹಾಲು ತರಲೆಂದು ಬೈಕ್ ಒಯ್ದಿದ್ದ. ರಸ್ತೆ ದಾಟುತ್ತಿದ್ದ ವೃದ್ಧರೊಬ್ಬರಿಗೆ ಬೈಕ್ ಬಡಿದು ಅವರ ಕಾಲು ಮುರಿಯಿತು. ಅಷ್ಟರಲ್ಲಿ ನೆಂಟರೊಬ್ಬರು ಸಲಹೆ ಕೊಟ್ಟರು: "ಚಿಕ್ಕವನಿಗೆ ಲೈಸೆನ್ಸ್ ಇಲ್ಲ, ದೊಡ್ಡವನಿಗಿದೆ. ಬೈಕ್ ಓಡಿಸುತ್ತಿದ್ದವನು ದೊಡ್ಡವನೇ ಎಂದು ಬರೆಸಿಬಿಡಿ." ಹಾಗೆಯೇ ಬರೆಸಿ, ಸಹಿಯನ್ನೂ ಹಾಕಿ, ಎಲ್ಲ ಮುಗಿದ ಮೇಲೆ ಅವರು ವಕೀಲರನ್ನು ಹುಡುಕಿಕೊಂಡು ಬಂದಿದ್ದರು. ಡಾಕ್ಟರ ಬಳಿಗೂ ವಕೀಲರ ಬಳಿಗೂ ನಾವು ಹೋಗುವುದು ಮನೆಮದ್ದೆಲ್ಲ ಮುಗಿದ ಮೇಲೆಯೇ ತಾನೆ.

ದೊಡ್ಡ ಮಗ ಡಿಪ್ಲೊಮಾ ಮುಗಿಸಿದ್ದ. ಗಲ್ಫ್‌ನಲ್ಲಿ ಕೆಲಸದ ಮಾತುಕತೆಯಾಗಿತ್ತು. ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದಾಗ ಪೊಲೀಸ್ ಪರಿಶೀಲನೆಯಲ್ಲಿ ಈ ಕೇಸು ಎದ್ದು ಬಂತು. ಕ್ರಿಮಿನಲ್ ಪ್ರಕರಣ ಕೋರ್ಟಿನಲ್ಲಿ ಬಾಕಿ ಇದ್ದರೆ 1967ರ ಪಾಸ್‌ಪೋರ್ಟ್ ಕಾಯ್ದೆಯಂತೆ ಅರ್ಜಿಯನ್ನು ನಿರಾಕರಿಸಬಹುದು. ಕೋರ್ಟಿನ ಅನುಮತಿ ತಂದರೆ ದಾರಿ ಇದೆ, ಆದರೆ ಅದಕ್ಕೆ ಅರ್ಜಿ, ವಾಯಿದೆ, ಮತ್ತೊಂದು ವಾಯಿದೆ. ಕೆಲಸ ಕೊಡುವವರು ಕಾಯಲಿಲ್ಲ. ಇತ್ತ ಗಾಯಾಳು ಹಾಕಿದ ಪರಿಹಾರದ ದಾವೆಯಲ್ಲಿ, ಬೈಕ್ ಮೇಲಿದ್ದವನು ಸಣ್ಣ ಹುಡುಗ ಎಂದು ಪಕ್ಕದ ಅಂಗಡಿಯವರು ಸಾಕ್ಷಿ ಹೇಳಿದರು. ವಿಮಾ ಕಂಪನಿಗೆ ಅಷ್ಟೇ ಸಾಕಾಯಿತು.

ನಿಜ ಹೇಳಿದ್ದರೆ ಏನಾಗುತ್ತಿತ್ತು ಎಂದು ನೀವು ಕೇಳಬಹುದು. ಅದೂ ಹಗುರವಾಗಿರಲಿಲ್ಲ, ಮುಚ್ಚಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ 199ಎ ಎಂಬ ಕಲಂ ಸೇರಿತು. ಅಪ್ರಾಪ್ತ ವಯಸ್ಕ ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಸಿಗುವುದಿಲ್ಲ. "ನನಗೆ ಗೊತ್ತಿರಲಿಲ್ಲ" ಎಂದು ತಂದೆ ಹೇಳಿದರೆ ಸಾಲದು. ಒಪ್ಪಿಗೆಯಿಂದಲೇ ಕೊಟ್ಟಿದ್ದಾರೆಂದು ಕೋರ್ಟು ಭಾವಿಸುತ್ತದೆ, ಇಲ್ಲವೆಂದು ಸಾಬೀತು ಮಾಡುವ ಹೊರೆ ಅವರದೇ. ವಿಮೆಯ ವಿಚಾರವೂ ಅಷ್ಟೇ. ಲೈಸೆನ್ಸ್ ಇಲ್ಲದವನಿಂದ ಅಪಘಾತವಾದರೆ ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು, ನಂತರ ಮಾಲೀಕರಿಂದ ವಸೂಲಿ ಮಾಡಬಹುದೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಲಕ್ಷಾಂತರ ರೂಪಾಯಿಯ ಆ ವಸೂಲಿಗೆ ಮನೆ, ಜಮೀನು ಮಾರಿದವರಿದ್ದಾರೆ.

ಆದರೂ ನಿಜ ಹೇಳಿದ್ದರೆ ಕಿರಿಯವನು ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತಿದ್ದ. ಅಲ್ಲಿ ನೋಟ ತಿದ್ದುವ ಕಡೆಗೆ. ತಂದೆಯ ಹೊಣೆ ತಂದೆಯ ಹೆಗಲ ಮೇಲಿರುತ್ತಿತ್ತು, ಬೈಕ್ ಮುಟ್ಟದೆ ಮನೆಯಲ್ಲಿ ಕುಳಿತಿದ್ದ ಹುಡುಗನ ಮೇಲೆ ಬೀಳುತ್ತಿರಲಿಲ್ಲ.

ಇನ್ನು ಲೈಸೆನ್ಸ್ ಇರುವ ನಿಮ್ಮ ಮಾತು. ಅಪಘಾತವಾದರೆ ಓಡಿಹೋಗಬೇಡಿ. ಗಾಯಾಳುವನ್ನು ಹತ್ತಿರದ ಆಸ್ಪತ್ರೆಗೆ ಸೇರಿಸುವುದು, ಪೊಲೀಸರಿಗೆ ತಿಳಿಸುವುದು 134ನೇ ಕಲಮಿನಂತೆ ಚಾಲಕರ ಕರ್ತವ್ಯ. ಜನ ಸೇರಿ ಹೊಡೆಯುತ್ತಾರೆಂಬ ಭಯ ಇದ್ದೇ ಇರುತ್ತದೆ. ಆಶ್ಚರ್ಯವೆಂದರೆ, ಗುಂಪಿನ ಆಕ್ರೋಶ ಎಂಬ ಮಾತು ಆ ಕಲಮಿನಲ್ಲೇ ಇದೆ. ಅಂಥ ಸಂದರ್ಭದಲ್ಲಿ ಸ್ಥಳದಿಂದ ಸರಿದರೂ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ಹೋಗಿ ನಡೆದದ್ದನ್ನು ತಿಳಿಸಬೇಕು. ವಿಮಾ ಕಂಪನಿಗೂ ಬರೆದು ತಿಳಿಸಬೇಕು. ನಿರ್ಲಕ್ಷ್ಯದ ಚಾಲನೆಯಿಂದ ಸಾವು ಸಂಭವಿಸಿದರೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ. ಆದರೆ ಅದು ಜಾಮೀನು ಸಿಗುವ ಅಪರಾಧ. ಠಾಣೆಯಲ್ಲೇ ಜಾಮೀನು ಕೇಳುವುದು ನಿಮ್ಮ ಹಕ್ಕು. ಮದ್ಯ ಕುಡಿದು ಓಡಿಸಿದವರ ಪರವಾಗಿ ನಾನಿಲ್ಲಿ ಏನೂ ಹೇಳುವುದಿಲ್ಲ. ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ ಉಂಟು.

ಮತ್ತೊಂದು ಮಾತನ್ನು ಚಾಲಕ ವೃತ್ತಿಯ ಸಹೋದರರು ಗಮನವಿಟ್ಟು ಕೇಳಬೇಕು. "ತಪ್ಪು ಒಪ್ಪಿಕೋ, ದಂಡ ಕಟ್ಟು, ಇವತ್ತೇ ಮುಗಿಯುತ್ತದೆ" ಎಂದು ಕೋರ್ಟಿನ ಆವರಣದಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಸಿಗ್ನಲ್ ದಾಟಿದ್ದಕ್ಕೆ, ಹೆಲ್ಮೆಟ್ ಇಲ್ಲದ್ದಕ್ಕೆ ಹಾಗೆ ಮಾಡಬಹುದು. ಯಾರಿಗಾದರೂ ಗಾಯವಾದ ಕೇಸಿನಲ್ಲಿ ಬೇಡ. ಅಲ್ಲಿ ತಪ್ಪೊಪ್ಪಿಗೆ ಎಂದರೆ ಕ್ರಿಮಿನಲ್ ಶಿಕ್ಷೆಯ ದಾಖಲೆ; ಪರಿಹಾರದ ದಾವೆಯಲ್ಲೂ ಅದೇ ನಿಮ್ಮ ವಿರುದ್ಧ ಪುರಾವೆಯಾಗಿ ಬರುತ್ತದೆ. ತಪ್ಪು ನಿಮ್ಮದೇ ಆಗಿದ್ದರೂ, ಮೊದಲು ವಕೀಲರನ್ನು ಕೇಳಿ ನಂತರ ಒಪ್ಪಿಕೊಳ್ಳಿ.

ವಕೀಲರಿಗೆ ಕೊಡಲು ಹಣವೆಲ್ಲಿದೆ ಎನ್ನುತ್ತೀರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಇರುವುದೇ ಅದಕ್ಕೆ. ಮಹಿಳೆಯರಿಗೆ, ಮಕ್ಕಳಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ. ಇನ್ನೂ ಕೆಲವು ವರ್ಗದವರನ್ನು ಬಿಟ್ಟು ಉಳಿದವರಿಗೆ ಆದಾಯದ ಮಿತಿಯುಂಟು, ಅವರು ಆದಾಯ ಪತ್ರ ಒಯ್ಯಬೇಕು. ಆ ಹದಿನಾರರ ಹುಡುಗನಿಗೂ ಈ ಹಕ್ಕಿತ್ತು. ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಪ್ರಾಧಿಕಾರವೂ ತಾಲ್ಲೂಕಿನಲ್ಲಿ ತಾಲ್ಲೂಕು ಸಮಿತಿಯೂ ಇವೆ. 15100 ಎಂಬ ಸಹಾಯವಾಣಿಗೆ ಫೋನ್ ಮಾಡಿದರೂ ಆದೀತು. ಹೋಗುವಾಗ ಎಫ್‌ಐಆರ್ ಪ್ರತಿ, ವಿಮೆ ಮತ್ತು ಆರ್‌ಸಿ ಪ್ರತಿ, ಲೈಸೆನ್ಸ್, ಆಧಾರ್ ಜೊತೆಗಿರಲಿ. ಎಫ್‌ಐಆರ್ ಪ್ರತಿ ಸಿಗದಿದ್ದರೆ ಪ್ರಕರಣದ ಸಂಖ್ಯೆಯನ್ನಾದರೂ ಬರೆದುಕೊಂಡು ಹೋಗಿರಿ, ಉಳಿದುದನ್ನು ವಕೀಲರು ನೋಡಿಕೊಳ್ಳುತ್ತಾರೆ.

ಹೊರಗೆ ನಿಲ್ಲಿಸಿರುವ ಬೈಕುಗಳನ್ನು ನೋಡಿಕೊಂಡೇ ನಾನು ಒಳಗೆ ಬಂದೆ. ಚಹಾ ವಿರಾಮದಲ್ಲಿ ಇಲ್ಲೇ ಇರುತ್ತೇನೆ, ಕೇಳುವುದಿದ್ದರೆ ಸಂಕೋಚವಿಲ್ಲದೆ ಬನ್ನಿ.