ಕೆಸರಿಗೆ ಕೊಟ್ಟ ಹಣ

ಮಕ್ಕಳೇ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಇದೆ. ಅದರ ದಕ್ಷಿಣ ದಡದ ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೋಸೆ ಊರುಗಳಲ್ಲಿ ಕನ್ನಡ ಮಾತಾಡುವ ಮನೆಗಳು ಬೇಕಾದಷ್ಟಿವೆ. ನಿಮ್ಮ ಮಾವನೋ ಚಿಕ್ಕಮ್ಮನೋ ಅಲ್ಲಿರಬಹುದು. ವಿಮಾನದಲ್ಲಿ ಹೋದವರನ್ನು ಕೇಳಿ ನೋಡಿ: ಕೊಲ್ಲಿಯ ಅಂಚಿನಲ್ಲಿ ಕೆಂಪು, ಕಿತ್ತಳೆ, ಹಸಿರು ನೀರಿನ ದೊಡ್ಡ ದೊಡ್ಡ ಮಡಿಗಳು ಕಂಡವು ಎನ್ನುತ್ತಾರೆ. ಅವು ಉಪ್ಪಿನಾಗರಗಳು. ನೀರು ಆವಿಯಾಗಿ ಉಪ್ಪು ಏರಿದಂತೆ ಅದರೊಳಗೆ ಬದುಕಬಲ್ಲ ಸೂಕ್ಷ್ಮಜೀವಿಗಳು ಬದಲಾಗುತ್ತವೆ, ಬಣ್ಣವೂ ಬದಲಾಗುತ್ತದೆ.

ಆಗರಗಳು ಬರುವ ಮುಂಚೆ ಅಲ್ಲಿದ್ದದ್ದು ಜೌಗು ನೆಲ. ಉಬ್ಬರದ ನೀರು ದಿನಕ್ಕೆ ಎರಡು ಸಲ ಅದರೊಳಗೆ ನುಗ್ಗಿ ಎರಡು ಸಲ ಇಳಿಯುತ್ತಿತ್ತು. ಜನ ಏರಿ ಕಟ್ಟಿ ಉಪ್ಪು ತೆಗೆದರು, ಮಣ್ಣು ತುಂಬಿ ರಸ್ತೆ, ಮನೆ, ವಿಮಾನ ನಿಲ್ದಾಣ ಮಾಡಿದರು. ಜೌಗಿನ ಹತ್ತು ಪಾಲಿನಲ್ಲಿ ಎಂಟಕ್ಕೂ ಹೆಚ್ಚು ಪಾಲು ಹೋಯಿತು.

ಹೋದದ್ದು ಬರೀ ಕೆಸರಲ್ಲವೇ ಎನ್ನಬೇಡಿ. ಊರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೊಲ್ಲಿಗೆ ಬಿಟ್ಟರೂ ಅದರಲ್ಲಿ ನೈಟ್ರೇಟಿನಂಥ ಲವಣಗಳು ಉಳಿಯುತ್ತವೆ. ಪಾಚಿಗೆ ಅದೇ ಗೊಬ್ಬರ. 2022ರ ಆಗಸ್ಟಿನಲ್ಲಿ ಒಂದು ಜಾತಿಯ ಸೂಕ್ಷ್ಮ ಪಾಚಿ ವಿಪರೀತ ಹಬ್ಬಿ, ನೀರೆಲ್ಲ ಕಂದಾಗಿ, ಸ್ಟರ್ಜನ್ ಮೊದಲಾದ ಮೀನುಗಳು ರಾಶಿರಾಶಿ ಸತ್ತು ದಡಕ್ಕೆ ಬಂದವು. ಜೌಗಿನ ಕೆಸರೊಳಗೆ ಗಾಳಿಯಾಡುವುದಿಲ್ಲ. ಆಮ್ಲಜನಕ ಸಿಗದ ಆ ಜಾಗದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟನ್ನೇ ಉಸಿರಾಟಕ್ಕೆ ಬಳಸಿಕೊಂಡು, ಅದನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಎಂಥ ಕೆಲಸ ನೋಡಿ! ಮೇಲೆ ಬೆಳೆದ ಹುಲ್ಲು ಜರಡಿಯ ಹಾಗೆ ನೀರಿನಲ್ಲಿರುವ ಹೂಳನ್ನು ಹಿಡಿಯುತ್ತದೆ. ಆ ಹುಲ್ಲು ಗಿಡಗಳ ನಡುವೆ ಹತ್ತು ಗ್ರಾಂ ತೂಗುವ ಒಂದು ಇಲಿ ಇದೆ. ಉಪ್ಪು ನೀರು ಕುಡಿದೂ ಬದುಕಬಲ್ಲ ಈ ಇಲಿ ಜಗತ್ತಿನಲ್ಲಿ ಈ ಕೊಲ್ಲಿಯ ಸುತ್ತ ಬಿಟ್ಟರೆ ಇನ್ನೆಲ್ಲೂ ಇಲ್ಲ.

ಕಳೆದದ್ದನ್ನು ಮರಳಿ ಪಡೆಯಲು ಹಣ ಬೇಕು. 2003ರಲ್ಲಿ ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ಮತ್ತು ಕೆಲವು ದತ್ತಿ ಸಂಸ್ಥೆಗಳು ಸುಮಾರು 10 ಕೋಟಿ ಡಾಲರ್ ಕೊಟ್ಟು 15,000 ಎಕರೆಗೂ ಹೆಚ್ಚು ಆಗರಗಳನ್ನು ಉಪ್ಪಿನ ಕಂಪನಿಯಿಂದ ಕೊಂಡವು. 2008ರಿಂದ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯು ಕೊಲ್ಲಿಯ ನೀರು ಸುಧಾರಿಸುವ ಕೆಲಸಗಳಿಗೆ ಅನುದಾನ ಕೊಡುತ್ತ ಬಂದಿದೆ. 2016ರಲ್ಲಿ ಸುತ್ತಲಿನ ಒಂಬತ್ತು ಕೌಂಟಿಗಳ (ನಮ್ಮ ಜಿಲ್ಲೆಗಳಿದ್ದ ಹಾಗೆ) ಜನ ಮತ ಹಾಕಿ, ಪ್ರತಿ ಆಸ್ತಿಯ ಮೇಲೆ ವರ್ಷಕ್ಕೆ 12 ಡಾಲರ್ ತೆರಿಗೆಯನ್ನು 20 ವರ್ಷ ಕಟ್ಟಲು ಒಪ್ಪಿದರು. ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡ ಆ ಜನರ ಮೇಲೆ ನನಗೆ ತುಂಬ ಗೌರವ.

ಕೊಂಡ ಆಗರಗಳನ್ನು ಮತ್ತೆ ಜೌಗಾಗಿಸಲು 2006ರಲ್ಲಿ ಅಲ್ವಿಸೊ ಎಂಬಲ್ಲಿ ಮೂರು ಉಪ್ಪಿನ ಕೊಳಗಳ ಏರಿ ಒಡೆದರು. ಪ್ರತಿ ಉಬ್ಬರವೂ ಒಂದಿಷ್ಟು ಹೂಳು ತಂದಿಟ್ಟಿತು. ನೆಲ ಮೇಲೆದ್ದ ಮೇಲೆ ಗಿಡಗಳು ತಾವಾಗಿ ಬಂದವು, ಯಾರೂ ನೆಡಬೇಕಾಗಲಿಲ್ಲ.

ಎಲ್ಲ ಕಡೆ ಹೀಗೆ ಒಡೆದು ಬಿಡುವಂತಿಲ್ಲ. ಹತ್ತಿರದ ನ್ಯೂ ಆಲ್ಮಡೆನ್‌ನಲ್ಲಿ ಹಿಂದೆ ಪಾದರಸದ ಗಣಿಯಿತ್ತು. ಅಲ್ಲಿಂದ ಹೊಳೆಯಲ್ಲಿ ಹರಿದು ಬಂದ ಪಾದರಸ ಕೊಲ್ಲಿಯ ಕೆಸರಲ್ಲಿ ಕೂತಿದೆ. ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಇನ್ನೂ ಕೆಟ್ಟ ವಿಷವಾಗಿಸುತ್ತವೆ, ಅದು ಮೀನಿನ ಮೈಗೂ ಹಕ್ಕಿಯ ಮೊಟ್ಟೆಗೂ ಸೇರುತ್ತದೆ. ನೀರು ಒಮ್ಮೆಲೇ ನುಗ್ಗಿದರೆ ಆ ಕೆಸರು ಕದಡುತ್ತದೆ. ಹಾಗಾಗಿ ‘ಎ8’ ಎಂಬ ಕೊಳದ ಏರಿಯಲ್ಲಿ ಬೇಕೆಂದಾಗ ಮುಚ್ಚಬಹುದಾದ ಬಾಗಿಲುಗಳನ್ನಿಟ್ಟು, 2011ರಿಂದ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟು, ಮೀನು ಮತ್ತು ಮೊಟ್ಟೆಗಳಲ್ಲಿ ಪಾದರಸ ಎಷ್ಟಿದೆಯೆಂದು ಅಳೆಯುತ್ತ ಹೋದರು. ಹೀಗೆ ಅಳೆಯುವುದಕ್ಕೂ ಹಣ ಬೇಕು. ಒಂದೇ ಸಲ ಕೊಟ್ಟು ಕೈತೊಳೆದುಕೊಂಡರೆ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ರಜೆಯಲ್ಲಿ ಆ ಕಡೆ ಹೋಗುವ ಮಕ್ಕಳು ಅಲ್ವಿಸೊದ ಡಾನ್ ಎಡ್ವರ್ಡ್ಸ್ ವನ್ಯಧಾಮಕ್ಕೆ ಕರೆದುಕೊಂಡು ಹೋಗಿ ಎಂದು ದೊಡ್ಡವರನ್ನು ಕೇಳಿ. ಉಬ್ಬರ ಇಳಿತದ ವೇಳೆ ನೋಡಿಕೊಂಡು, ನೀರು ಇಳಿದಿರುವ ಹೊತ್ತಿಗೇ ಹೋಗಿ. ಹಕ್ಕಿಗಳು ಕೆಸರಲ್ಲಿ ಮೇಯುವುದು ಆಗಲೇ.